ಕಲ್ಲಿನ ಮೇಲಿನ ಹೆಸರು, ಪದಕದ ಅಂಚಿನ ಹೆಸರು

ಕಳೆದ ದಸರೆಯ ರಜೆಯಲ್ಲಿ ನಾವು ವಾಸ್ಕೋಗೆ ಹೋಗಿದ್ದೆವು. ಖಾನಾಪುರ ತಾಲೂಕಿನ ನಮ್ಮ ಹಳ್ಳಿಯಿಂದ ಲೋಂಡಾಕ್ಕೆ ಬಂದು ರೈಲು ಹಿಡಿದರೆ, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಬಿಳಿನೀರನ್ನು ಕಿಟಕಿಯಿಂದಲೇ ಕಂಡು, ಕುಳೆ ಮತ್ತು ಮಡಗಾಂವಗಳ ಮೂಲಕ ಗೋವೆಯ ಬಂದರವನ್ನು ಸೇರಬಹುದು. ಈ ಮಾಸಿಕದ ಓದುಗರಲ್ಲಿ ಅನೇಕರು ಬುತ್ತಿಗಂಟು ಕಟ್ಟಿಕೊಂಡು ಇದೇ ಹಳಿಯ ಮೇಲೆ ಗಡಿ ದಾಟಿದವರೇ ಆಗಿದ್ದಾರೆ. ಬ್ರಿಟಿಷರಿಗೂ ಪೋರ್ಚುಗೀಜರಿಗೂ 1878ರಲ್ಲಿ ಆದ ಒಪ್ಪಂದದ ಫಲವಾಗಿ ಈ ಮಾರ್ಗ ಹುಟ್ಟಿ 1888ರಲ್ಲಿ ಪೂರ್ಣಗೊಂಡಿತು. ಆಗ ಕ್ಯಾಸಲ್‌ರಾಕ್‌ನಲ್ಲಿ ಒಂದು ಸಾಮ್ರಾಜ್ಯ ಮುಗಿದು ಇನ್ನೊಂದು ಸಾಮ್ರಾಜ್ಯ ಆರಂಭವಾಗುತ್ತಿತ್ತು. ಈಗ ಅಲ್ಲಿ ಮುಗಿಯುವುದು ಒಂದು ರಾಜ್ಯ ಮಾತ್ರ; ನಮ್ಮ ಜನರ ಬಳಗ ಗಡಿಯ ಎರಡೂ ಬದಿಗೆ ಹಬ್ಬಿಕೊಂಡಿದೆ.

ನಾವು ಹೋದದ್ದು ಒಬ್ಬ ಹಳೆಯ ಶಿಷ್ಯನ ಮನೆಗೆ. ಬಂದರದಲ್ಲಿ ದುಡಿದು, ಮನೆ ಮಾಡಿ, ತಾಯಿಯನ್ನೂ ಕರೆಸಿಕೊಂಡು ಆತ ಅಲ್ಲಿ ನೆಲೆನಿಂತು ಇಪ್ಪತ್ತು ವರ್ಷಗಳಾದವು. ಆತನ ಮಗ ಈಗ ಏಳನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಮರುದಿನ ಭಾನುವಾರ. ತಂದೆ ಮಗ ಇಬ್ಬರೂ ನಮ್ಮನ್ನು ಬಸ್ಸಿನಲ್ಲಿ ಝುವಾರಿ ಸೇತುವೆ ದಾಟಿಸಿ, ಪಣಜಿಯ ಮಾರ್ಗವಾಗಿ ದೋನಾಪಾವುಲಕ್ಕೆ ಕರೆದೊಯ್ದರು. ಸಮುದ್ರವನ್ನು ನೋಡಲು ಜನರು ನೆರೆಯುವ ಆ ಜಾಗದಿಂದ ರಾಜ್ಯಪಾಲರ ನಿವಾಸದ ಕಡೆಗೆ ಹೋಗುವ ದಾರಿಯಲ್ಲಿ ಗೋಡೆಯಿಂದ ಸುತ್ತುವರಿದ ಒಂದು ಹಳೆಯ ಸ್ಮಶಾನವಿದೆ. ಹೆಚ್ಚಿನ ಪ್ರವಾಸಿಗಳು ಅದರತ್ತ ತಿರುಗಿಯೂ ನೋಡುವುದಿಲ್ಲ. ಗೋರಿಗಳ ಮೇಲಿನ ಅಕ್ಷರಗಳು ಹಲವೆಡೆ ಸವೆದಿವೆ. ಓದಲು ಬರುವಲ್ಲಿ ಇರುವುದು ಇಂಗ್ಲಿಷ್ ಭಾಷೆ.

ಹುಡುಗ ಕಲ್ಲಿನಿಂದ ಕಲ್ಲಿಗೆ ಓಡಾಡಿ ಬಂದು ನಮ್ಮನ್ನು ಕೇಳಿದ: "ಸರ್, ಗೋವಾ ಪೋರ್ಚುಗೀಜರದಾಗಿತ್ತು ಅಂತ ಪುಸ್ತಕದಲ್ಲಿದೆ. ಹಾಗಿದ್ದರೆ ಇಂಗ್ಲಿಷರು ಇಲ್ಲಿಗೆ ಬಂದು ಸತ್ತದ್ದು ಯಾಕೆ?"

ಪ್ರಶ್ನೆ ಚಿಕ್ಕದು, ಆದರೆ ಅದರ ಉತ್ತರಕ್ಕೆ ನಾಲ್ಕು ದೇಶಗಳನ್ನು ಸುತ್ತಿ ಬರಬೇಕಾಗುತ್ತದೆ. ಆ ಬಾಲಕನಿಗೆ ಹೇಳಿದ್ದನ್ನೂ, ಆ ದಿನ ಸಂಜೆ ಆತನ ಮನೆಯಲ್ಲಿ ನಾವೇ ಕಲಿತದ್ದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಶ್ರೀರಂಗಪಟ್ಟಣದಿಂದ ದೋನಾಪಾವುಲಕ್ಕೆ

ಗೋವೆಗೆ ಬ್ರಿಟಿಷ್ ಸೈನ್ಯ ಬಂದ ಕಥೆ ನಮ್ಮ ಕನ್ನಡ ನಾಡಿನಲ್ಲಿಯೇ ಆರಂಭವಾಗುತ್ತದೆ. 1798ರ ಜನವರಿಯಲ್ಲಿ ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ತಿಕ್ ಎಂಬಾತ ಒಂದು ಪ್ರಕಟಣೆ ಹೊರಡಿಸಿ, ಟಿಪ್ಪು ಸುಲ್ತಾನನ ನೆರವಿಗೆ ಹೋಗಲು ಜನರನ್ನು ಕರೆದ. ಅದೇ ವರ್ಷದ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಬಂದಿಳಿದ. ಕೆಂಪು ಸಮುದ್ರದ ಮೂಲಕ ಫ್ರೆಂಚರು ಹಿಂದುಸ್ಥಾನದ ಪಶ್ಚಿಮ ಕರಾವಳಿಯನ್ನು ಮುಟ್ಟಿಯಾರು ಎಂಬ ಭೀತಿ ಕಲಕತ್ತೆಯಲ್ಲಿದ್ದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಹತ್ತಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಕೆನರಾ ಜಿಲ್ಲೆ ಕಂಪನಿಯ ವಶವಾಯಿತು. ಆದರೂ ಕರಾವಳಿಯ ನಡುವೆ ಒಂದು ಬಾಗಿಲು ತೆರೆದೇ ಉಳಿದಿತ್ತು. ಆ ಬಾಗಿಲೇ ಗೋವೆ.

ಪೋರ್ಚುಗಲ್ ದೇಶವು ಇಂಗ್ಲೆಂಡಿನ ಅತಿ ಹಳೆಯ ಮಿತ್ರ. 1386ರ ವಿಂಡ್ಸರ್ ಒಪ್ಪಂದದಿಂದ ಅವರ ಸ್ನೇಹ ನಡೆದುಬಂದಿತ್ತು. ಮುಂಬಯಿ ದ್ವೀಪವು ಇಂಗ್ಲಿಷರ ಕೈಗೆ ಬಂದುದೂ 1661ರ ವಿವಾಹ ಸಂಬಂಧದ ಬಳುವಳಿಯಾಗಿಯೇ. ಆದರೆ ಮಿತ್ರನು ದುರ್ಬಲನಾದಾಗ ಅವನ ಮನೆಯ ಕಾವಲನ್ನು ತಾವೇ ವಹಿಸಿಕೊಳ್ಳುವುದು ಬಲಿಷ್ಠರ ರೂಢಿ. 1799ರಲ್ಲಿ ಸರ್ ವಿಲಿಯಂ ಕ್ಲಾರ್ಕ್ ಎಂಬ ಸೇನಾಧಿಕಾರಿಯ ಕೈಕೆಳಗೆ ಬ್ರಿಟಿಷ್ ಪಡೆಯು ಗೋವೆಗೆ ಬಂದಿಳಿಯಿತು. ಆಗ್ವಾದ ಕೋಟೆ ಮತ್ತು ಕಾಬೊ ಭೂಶಿರದಂಥ, ನದೀಮುಖಗಳನ್ನು ಕಾಯುವ ಆಯಕಟ್ಟಿನ ಸ್ಥಳಗಳಲ್ಲಿ ಅದು ಠಾಣ್ಯ ಹೂಡಿತು. ಪೋರ್ಚುಗೀಜ ಗವರ್ನರನಾಗಿದ್ದ ವೆಯ್ಗಾ ಕಾಬ್ರಾಲನಿಗೆ ಈ ಅತಿಥಿಗಳ ಮೇಲೆ ಪ್ರೀತಿಯಿರಲಿಲ್ಲ. ಧ್ವಜ ಪೋರ್ಚುಗಲ್ಲಿನದಾಗಿಯೇ ಉಳಿಯಿತು, ಬಂದೂಕು ಮಾತ್ರ ಇಂಗ್ಲೆಂಡಿನದಾಯಿತು. ಈ ಸ್ಥಿತಿ ಹೆಚ್ಚು ಕಡಿಮೆ 1813ರವರೆಗೆ ನಡೆಯಿತು.

ಆ ವರ್ಷಗಳಲ್ಲಿ ಗವರ್ನರ್ ಜನರಲ್ಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಯು ನಮ್ಮ ಸೀಮೆಯಲ್ಲಿಯೇ ಕುದುರೆ ಓಡಿಸುತ್ತಿದ್ದ. ಚನ್ನಗಿರಿಯ ದೋಂಡಿಯ ವಾಘನು ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆ ಹೊಂದಿ, ದಂಡು ಕೂಡಿಸಿ, ತುಂಗಭದ್ರೆ ಮಲಪ್ರಭೆಗಳ ನಡುವಿನ ನಾಡಿನಲ್ಲಿ ಕಂಪನಿಗೆ ಕೈಕೊಟ್ಟು ತಿರುಗುತ್ತಿದ್ದ ಕಾಲವದು. ಅವನ ಬೆನ್ನಟ್ಟುತ್ತಿದ್ದಾಗ ವೆಲ್ಲೆಸ್ಲಿಯು ಗೋವೆಯಲ್ಲಿದ್ದ ಕ್ಲಾರ್ಕನಿಗೆ ಬರೆದ ಪತ್ರಗಳು ಉಳಿದುಬಂದಿವೆ. 1800ರ ಸೆಪ್ಟೆಂಬರ್ 10ರಂದು ಕೋನಗಲ್ ಎಂಬಲ್ಲಿ ದೋಂಡಿಯನು ಹೋರಾಡಿ ಮಡಿದ. ಹದಿನೈದು ವರ್ಷಗಳ ನಂತರ ವಾಟರ್ಲೂ ರಣಭೂಮಿಯಲ್ಲಿ ನೆಪೋಲಿಯನ್ನನನ್ನು ಸೋಲಿಸಿದವರಲ್ಲಿ ಅದೇ ವೆಲ್ಲೆಸ್ಲಿ ಮುಂದಾಳಾಗಿದ್ದ. ಯುರೋಪಿನ ಆ ಸೇನಾನಿಯು ಸೇನೆಗೆ ಅನ್ನ, ಎತ್ತು, ಬಂಡಿ ಒದಗಿಸುವ ವಿದ್ಯೆಯನ್ನು ಬಹುಮಟ್ಟಿಗೆ ಕಲಿತದ್ದು ಮಳೆಗಾಲದ ನಮ್ಮ ಕಪ್ಪುಮಣ್ಣಿನ ದಾರಿಗಳಲ್ಲಿ ಎಂದರೆ ತಪ್ಪಾಗದು.

ಗೋವೆಯ ಪಾಳೆಯದಲ್ಲಿ ಇದ್ದವರು ಯಾರು? 1807ರಿಂದ 1811ರವರೆಗೆ ಇಲ್ಲಿ 78ನೆಯ ರೆಜಿಮೆಂಟ್ ಇದ್ದಿತು. ಸ್ಕಾಟ್ಲೆಂಡಿನ ಗುಡ್ಡಗಾಡಿನ ಬಡರೈತರ ಮಕ್ಕಳಿದ್ದ ಪಡೆಯದು. 1803ರ ಸೆಪ್ಟೆಂಬರ್ 23ರಂದು ಮರಾಠರೊಡನೆ ನಡೆದ ಅಸ್ಸಯೆಯ ಘೋರ ಕಾಳಗದಲ್ಲಿ ಕಾದಿದವರು ಅವರು. ಅಲ್ಲಿಂದ ಗೋವೆಯ ತೆಂಗಿನ ನೆರಳಿಗೆ, ಗೋವೆಯಿಂದ 1811ರಲ್ಲಿ ಜಾವಾ ದ್ವೀಪದ ಯುದ್ಧಕ್ಕೆ. ಅತ್ತ 1807ರ ನವೆಂಬರಿನಲ್ಲಿ ಫ್ರೆಂಚರು ಪೋರ್ಚುಗಲ್ಲನ್ನೇ ಹೊಕ್ಕರು. ಆ ದೇಶದ ರಾಜಮನೆತನ ಬ್ರಜಿಲ್‌ಗೆ ಹಡಗು ಹತ್ತಿತು. ಗೋವೆಯ ಒಡೆಯನಿಗೇ ಒಡೆತನವಿಲ್ಲದ ಹೊತ್ತಿನಲ್ಲಿ ಇಲ್ಲಿಯ ಕಾವಲುಗಾರರು ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಎಂದೂ ಬಾರದ ಶತ್ರುವಿನ ಹಾದಿ ಕಾಯುತ್ತ ಕುಳಿತಿದ್ದರು.

1808ರ ಜನವರಿಯಲ್ಲಿ ಕ್ಲಾಡಿಯಸ್ ಬುಕನನ್ ಎಂಬ ಇಂಗ್ಲಿಷ್ ಪಾದ್ರಿಯು ಗೋವೆಗೆ ಬಂದು ಬ್ರಿಟಿಷ್ ರೆಸಿಡೆಂಟನ ಮನೆಯಲ್ಲಿ ಇಳಿದುಕೊಂಡಿದ್ದ. ಆಗ ಇಲ್ಲಿಯ ಪಡೆಯ ಮುಖ್ಯಸ್ಥನಾಗಿದ್ದವನು ಅದೇ 78ನೆಯ ರೆಜಿಮೆಂಟಿನ ಕರ್ನಲ್ ಆಡಮ್ಸ್. ಬುಕನನ್ ಹಳೆಯ ಗೋವೆಗೆ ಹೋಗಿ, ಧರ್ಮವಿಚಾರಣೆಯ ನ್ಯಾಯಾಲಯದ ಅಧಿಕಾರಿಯನ್ನೇ ಮುಖಾಮುಖಿ ಪ್ರಶ್ನಿಸಿ, ಕಂಡುದನ್ನು ಪುಸ್ತಕದಲ್ಲಿ ಬರೆದ. ಜನರನ್ನು ಎರಡೂವರೆ ಶತಮಾನ ನಡುಗಿಸಿದ ಆ ವಿಚಾರಣೆ 1812ರಲ್ಲಿ ರದ್ದಾಯಿತು. ಬ್ರಿಟಿಷ್ ಪಡೆ ಇಲ್ಲಿದ್ದ ಕಾಲದಲ್ಲಿಯೇ ಅದು ನಡೆದುದು ಗಮನಾರ್ಹ.

ಶತ್ರು ಬರಲಿಲ್ಲ, ಜ್ವರ ಬಂದಿತು. ಆ ಕಾಲದಲ್ಲಿ ಹಿಂದುಸ್ಥಾನಕ್ಕೆ ಬಂದ ಯುರೋಪಿನ ಸಿಪಾಯಿಗಳನ್ನು ಕತ್ತಿಗಿಂತ ಹೆಚ್ಚಾಗಿ ಮಲೇರಿಯಾ, ಆಮಶಂಕೆ, ವಾಂತಿಭೇದಿಗಳೇ ಕೊಂದವು. ರೋಗದ ಕಾಟದಿಂದಲೇ ಹಳೆಯ ಗೋವೆಯ ವೈಭವದ ನಗರ ಪಾಳುಬಿದ್ದು, 1843ರಲ್ಲಿ ಪಣಜಿಯು ವಿಧಿಪೂರ್ವಕವಾಗಿ ರಾಜಧಾನಿಯಾಯಿತು. ದೋನಾಪಾವುಲದ ಗೋರಿಗಳು ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗಿನವು. ಸೈನ್ಯ ಹೋದ ಮೇಲೂ ಗೋವೆಯಲ್ಲಿ ತೀರಿಕೊಂಡ ಆಂಗ್ಲರನ್ನು ಅಲ್ಲಿಯೇ ಹೂಳುತ್ತಿದ್ದರು.

ಇಷ್ಟನ್ನು ಹೇಳಿದಾಗ ಹುಡುಗ ಇನ್ನೊಂದು ಪ್ರಶ್ನೆ ಹಾಕಿದ: "ಸಿಪಾಯಿಗಳ ಗೋರಿ ಎಲ್ಲಿ ಸರ್? ಇಲ್ಲಿ ಎಲ್ಲ ಸಾಹೇಬರ ಹೆಸರೇ ಇದ್ದ ಹಾಗಿದೆ."

ನಾವು ಸುತ್ತ ನೋಡಿದೆವು. ಹುಡುಗ ಹೇಳಿದ್ದು ಹೆಚ್ಚು ಕಡಿಮೆ ಸರಿಯಾಗಿತ್ತು. ಕಲ್ಲು ಕೆತ್ತಿಸುವುದಕ್ಕೆ ಹಣ ಬೇಕು, ಕೆತ್ತಿಸುವ ಬಂಧುಗಳು ಬೇಕು. ಅಧಿಕಾರಿಗೂ ಅವನ ಮಡದಿ ಮಕ್ಕಳಿಗೂ ಅದು ದೊರೆಯುತ್ತಿತ್ತು. ಸ್ಕಾಟ್ಲೆಂಡಿನ ಬಡಸಿಪಾಯಿಗೆ ದೊರೆಯುವುದು ದುರ್ಲಭ. ಇನ್ನು ಬ್ರಿಟಿಷ್ ಪಡೆಯೊಂದು ನಡೆಯಿತೆಂದರೆ ಅದರ ಜೊತೆಯಲ್ಲಿ ನಡೆಯುತ್ತಿದ್ದ ದೇಶೀಯ ಸಿಪಾಯಿಗಳು, ಎತ್ತು ಹೊಡೆಯುವವರು, ಡೋಲಿ ಹೊರುವವರು, ನೀರಿನ ಭಿಸ್ತಿಗಳು ಎಲ್ಲಿ ಮಣ್ಣಾದರೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಎದುರು ದಡದ ಬೆಂಕಿ

ಸ್ಮಶಾನದಿಂದ ಹೊರಬಂದು ದೋನಾಪಾವುಲದ ಕಟ್ಟೆಯ ಮೇಲೆ ನಿಂತರೆ ಝುವಾರಿಯ ಆಚೆಗೆ ಮುರಗಾಂವ ಬಂದರ ಕಾಣಿಸುತ್ತದೆ. ನಮ್ಮ ಶಿಷ್ಯನು ಪ್ರತಿದಿನವೂ ದುಡಿಯುವ ಸ್ಥಳವದು. "ಅಲ್ಲಿಯೂ ಇಂಗ್ಲಿಷರ ಒಂದು ಯುದ್ಧ ನಡೆದಿದೆ" ಎಂದು ನಾವು ಹೇಳಿದಾಗ ತಂದೆ ಮಗ ಇಬ್ಬರಿಗೂ ಆಶ್ಚರ್ಯವಾಯಿತು.

ಎರಡನೆಯ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿತ್ತು. ಆದುದರಿಂದ ಗೋವೆಯೂ ತಟಸ್ಥ. 1939ರಲ್ಲಿ ಯುದ್ಧ ಆರಂಭವಾದಾಗ ಜರ್ಮನಿಯ ಎಹ್ರೆನ್‌ಫೆಲ್ಸ್, ಡ್ರಾಖನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ವ್ಯಾಪಾರೀ ಹಡಗುಗಳು ಮುರಗಾಂವದಲ್ಲಿ ಆಶ್ರಯ ಪಡೆದವು. ಇಟಲಿಯ ಆನ್‌ಫೋರಾ ಎಂಬ ಹಡಗೂ ಅವುಗಳ ಜೊತೆಗೂಡಿತು. ಹಿಂದೂ ಮಹಾಸಾಗರದಲ್ಲಿ ಮಿತ್ರಪಕ್ಷದ ಹಡಗುಗಳು ಮುಳುಗತೊಡಗಿದಾಗ, ಎಹ್ರೆನ್‌ಫೆಲ್ಸ್‌ನಲ್ಲಿ ಗುಪ್ತವಾದ ರೇಡಿಯೋ ಯಂತ್ರವಿದ್ದು, ಅದರಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆಯೆಂದು ಬ್ರಿಟಿಷರು ಶಂಕಿಸಿದರು. ತಟಸ್ಥ ಬಂದರಕ್ಕೆ ಬಹಿರಂಗವಾಗಿ ಸೈನ್ಯ ಕಳಿಸುವಂತಿರಲಿಲ್ಲ.

ಅವರು ಹೂಡಿದ ಉಪಾಯ ಕಾದಂಬರಿಯಂತಿದೆ. ಕಲಕತ್ತೆಯಲ್ಲಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಸೈನಿಕರ ದಳವಿತ್ತು. ವ್ಯಾಪಾರಿಗಳು, ಲೆಕ್ಕಪತ್ರದ ಅಧಿಕಾರಿಗಳು, ನಡುವಯಸ್ಸು ದಾಟಿ ಹೊಟ್ಟೆ ಬೆಳೆದವರು ಅದರಲ್ಲಿದ್ದರು. ಅವರಲ್ಲಿಯೂ ಕಲ್ಕತ್ತಾ ಸ್ಕಾಟಿಷ್ ದಳದಲ್ಲಿಯೂ ಕೆಲವರನ್ನು ಆಯ್ದು, ಲೂಯಿ ಪ್ಯೂ ಎಂಬ ಅಧಿಕಾರಿಯ ನೇತೃತ್ವದಲ್ಲಿ, ಹೂಳೆತ್ತುವ ಕೆಲಸದ 'ಫೀಬಿ' ಎಂಬ ಮುದಿ ದೋಣಿಯಲ್ಲಿ ಹೊರಡಿಸಲಾಯಿತು. 1943ರ ಮಾರ್ಚ್ 9ರ ರಾತ್ರಿ, ಕಾರ್ನಿವಲ್ ಹಬ್ಬದ ಸಂಭ್ರಮದಲ್ಲಿ ಗೋವೆ ಮೈಮರೆತಿದ್ದಾಗ, ಅವರು ಕತ್ತಲೆಯಲ್ಲಿ ಬಂದು ಎಹ್ರೆನ್‌ಫೆಲ್ಸ್ ಹಡಗನ್ನು ಹತ್ತಿದರು. ಕಪ್ತಾನನೂ ಕೆಲವು ನಾವಿಕರೂ ಸತ್ತರು. ಹಡಗಿಗೆ ಬೆಂಕಿ ಬಿದ್ದು ಅದು ಮುಳುಗಿತು. ಅದನ್ನು ಕಂಡ ಉಳಿದ ಮೂರು ಹಡಗುಗಳವರು ಶತ್ರುವಿನ ಕೈಸೇರಬಾರದೆಂದು ತಮ್ಮ ಹಡಗುಗಳನ್ನು ತಾವೇ ನಾಶಮಾಡಿಕೊಂಡರು. ಬಂದವರು ಬಂದಂತೆಯೇ ಮರಳಿ ಕಲಕತ್ತೆಯ ಕಚೇರಿಗಳಲ್ಲಿ ಕುಳಿತರು. ಅವರಿಗೆ ಪದಕವಿಲ್ಲ, ಪ್ರಶಸ್ತಿಯಿಲ್ಲ. 1978ರಲ್ಲಿ ಜೇಮ್ಸ್ ಲೀಸರ್ ಎಂಬ ಲೇಖಕನು ಪುಸ್ತಕ ಬರೆದ ಮೇಲೆಯೇ ಈ ಕಥೆ ಲೋಕಕ್ಕೆ ಹರಡಿತು. 1980ರಲ್ಲಿ ಅದು 'ದ ಸೀ ವುಲ್ವ್ಸ್' ಎಂಬ ಚಲನಚಿತ್ರವಾಯಿತು. ಅದರ ಚಿತ್ರೀಕರಣ ಗೋವೆಯಲ್ಲಿಯೇ ನಡೆಯಿತು.

"ಅವರಿಗೆ ಪದಕ ಕೊಡಲಿಲ್ಲವೇ?" ಎಂದು ಹುಡುಗ ಕೇಳಿದ. ಆಮೇಲೆ ತಂದೆಯ ಮುಖ ನೋಡಿ, "ನಮ್ಮ ಮನೆಯಲ್ಲಿ ಒಂದಿದೆಯಲ್ಲ ಅಪ್ಪಾ" ಎಂದ. ಶಿಷ್ಯನು ಮಾತನಾಡದೆ ಸಮುದ್ರದ ಕಡೆಗೆ ತಿರುಗಿದ. ನಮಗೆ ಮೂವತ್ತು ವರ್ಷಗಳ ಹಿಂದಿನ ಒಂದು ಬೆಳಗು ನೆನಪಾಗಿ ತಲೆ ತಗ್ಗಿತು.

ನಮ್ಮಿಂದಾದ ತಪ್ಪು

1993ರಲ್ಲಿ ನಾವು ಟಿ.ಸಿ.ಎಚ್. ತರಬೇತಿ ಮುಗಿಸಿ ಹೊಸದಾಗಿ ನೌಕರಿಗೆ ಸೇರಿದ್ದೆವು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡವು ನಮ್ಮ ತಾಲೂಕಿನಲ್ಲಿಯೇ ಇರುವುದರಿಂದ, ಕಿತ್ತೂರಿನ ಪಾಠ ಮಾಡುವಾಗ ನಮ್ಮ ರಕ್ತ ಕುದಿಯುತ್ತಿತ್ತು. ಅಂಥ ಒಂದು ಪಾಠದ ಮರುದಿನ ಈ ಶಿಷ್ಯನು, ಆಗ ಹನ್ನೊಂದು ವರ್ಷದ ಬಾಲಕ, ಅಂಗಿಯ ಕಿಸೆಯಲ್ಲಿ ಒಂದು ದುಂಡಗಿನ ಲೋಹದ ಪದಕವನ್ನು ತಂದು, "ನಮ್ಮ ಮುತ್ತಜ್ಜಂದು ಸರ್, ಅವ ಸಿಪಾಯಿ ಇದ್ದ" ಎಂದು ಹೆಮ್ಮೆಯಿಂದ ತೋರಿಸಿದ. ಪದಕದ ಮೇಲೆ ಇಂಗ್ಲೆಂಡಿನ ದೊರೆಯ ಮುಖವಿತ್ತು. ನಾವು ಅದನ್ನು ತಿರುಗಿಸಿಯೂ ನೋಡದೆ, ಇಡೀ ತರಗತಿಯ ಎದುರಿಗೆ, "ಇದು ಗುಲಾಮಗಿರಿಯ ಗುರುತು. ರಾಯಣ್ಣನನ್ನು ಕೊಂದವರ ಚಾಕರಿ ಮಾಡಿದ್ದಕ್ಕೆ ಕೊಟ್ಟದ್ದು. ಇನ್ನೊಮ್ಮೆ ತರಬೇಡ" ಎಂದೆವು. ಬಾಲಕನು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಕುಳಿತ. ಆ ಮೇಲೆ ಎಂದೂ ಅದರ ಮಾತನ್ನೆತ್ತಲಿಲ್ಲ.

ದೋನಾಪಾವುಲದಿಂದ ಮರಳಿದ ಆ ಸಂಜೆ ನಾವೇ ಕೇಳಿದೆವು, ಆ ಪದಕವನ್ನು ನೋಡಬಹುದೇ ಎಂದು. ಶಿಷ್ಯನ ತಾಯಿ ಒಳಗಿನಿಂದ ಒಂದು ಹಳೆಯ ತಗಡಿನ ಡಬ್ಬಿಯನ್ನು ತಂದರು.

"ನಮ್ಮ ಅತ್ತಿ ಕೊಟ್ಟಿದ್ರು ಮಾಸ್ತರ. 'ನಮ್ಮ ಮಾಂವ ಬಸರೇಕ ಹೋದಾವ ತಿರುಗಿ ಬರಲಿಲ್ಲ, ಇದೊಂದು ಬಂತು' ಅಂತಿದ್ರು. ಬಸರೆ ಎಲ್ಲೈತೋ ಯಾರಿಗೂ ಗೊತ್ತಿಲ್ಲ. ಬೆಳಗಾಂವಿ ಆಚೆ ಇರಬೇಕು ಅನಕೊಂಡೀವಿ."

ನಾವು ಕನ್ನಡಕ ಹಾಕಿಕೊಂಡು ಪದಕವನ್ನು ದೀಪದ ಕೆಳಗೆ ಹಿಡಿದೆವು. ಒಂದು ಬದಿಗೆ ಐದನೆಯ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿಗೆ ಕುದುರೆಯ ಮೇಲೊಬ್ಬ ಸವಾರ, ಅವನ ಪಕ್ಕಗಳಲ್ಲಿ 1914, 1918 ಎಂಬ ಅಂಕಿಗಳು. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧಪದಕವದು. ಸಿಪಾಯಿಗಳಿಗೆ ಅದನ್ನು ಬೆಳ್ಳಿಯಲ್ಲಿ ಕೊಡುತ್ತಿದ್ದರು. ಕೈಯಲ್ಲಿದ್ದದ್ದು ಬೆಳ್ಳಿಯದಲ್ಲ, ಕಂಚಿನದು. ಕಂಚಿನ ಪದಕವನ್ನು ಕೊಟ್ಟದ್ದು ಬಂದೂಕು ಹಿಡಿದವರಿಗಲ್ಲ. ಕೂಲಿಪಡೆಗಳಲ್ಲಿ ಹಾಗೂ ಹೊರೆಯಾಳುಗಳಾಗಿ ದುಡಿದವರಿಗೆ. ಪದಕದ ದಪ್ಪನೆಯ ಅಂಚನ್ನು ಸುತ್ತಿಸಿ ನೋಡಿದಾಗ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು. ಒಂದು ಸಂಖ್ಯೆ, 'ಲೇಬರರ್' ಎಂಬುದರ ಸಂಕ್ಷೇಪ, ಒಂದು ಹೆಸರು, ಆಮೇಲೆ 'ಲೇಬರ್ ಕೋರ್' ಎಂಬ ಪಡೆಯ ಹೆಸರು. ಬರೆದವನಿಗೆ ಕನ್ನಡದ ಹೆಸರು ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಅಕ್ಷರಗಳು ತಪ್ಪಿದ್ದವು. ಆದರೂ ನಾವು ಗಟ್ಟಿಯಾಗಿ ಓದಿದಾಗ ಆ ತಾಯಿ, "ಹೌದ್ರಿ, ಇದ ಹೆಸರು ನನ್ನ ಗಂಡಗ ಇಟ್ಟಿದ್ರು" ಎಂದರು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಸಂಪ್ರದಾಯವು ಒಂದು ಶತಮಾನದ ಸಾಕ್ಷಿಯನ್ನು ಜೋಪಾನ ಮಾಡಿತ್ತು.

ಆ ಮನೆಯವರು ಮೂರು ತಲೆಮಾರು ಸಿಪಾಯಿ ಎಂದು ನಂಬಿದ್ದ ಪುರುಷನು ಸಿಪಾಯಿಯಾಗಿರಲಿಲ್ಲ. ಹೊರೆ ಹೊರಲು, ಹಳಿ ಹಾಕಲು, ಹಡಗಿನ ಸಾಮಾನು ಇಳಿಸಲು ಸಮುದ್ರ ದಾಟಿಸಿದ ಕೂಲಿಕಾರನಾಗಿದ್ದ. ಇದನ್ನು ಹೇಳಲು ನಾವು ಹಿಂಜರಿದೆವು. ಹೇಳಿದಾಗ ಶಿಷ್ಯನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರ ನಾ ಮಾಡೂ ಕೆಲಸಾನ ಅವನೂ ಮಾಡಿದ್ದಾ ಸರ್" ಎಂದ.

ಬಸರೆ ಎಲ್ಲಿದೆ?

ಬಸರೆ ಎಂದರೆ ಇರಾಕಿನ ಬಸ್ರಾ ಬಂದರ. ಆಗಿನ ಹೆಸರಿನಲ್ಲಿ ಮೆಸೊಪೊಟೇಮಿಯ. 1914ರ ನವೆಂಬರಿನಲ್ಲಿ ಹಿಂದುಸ್ಥಾನದ ಸೈನ್ಯ ಅಲ್ಲಿ ಇಳಿದು ಬಸ್ರಾವನ್ನು ಹಿಡಿಯಿತು. ಪುಣೆಯ 6ನೆಯ ಡಿವಿಜನ್ನಿನಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನುಗಳಿದ್ದವು. ಅವುಗಳ ಪರಂಪರೆಯ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಬಗದಾದಿನತ್ತ ನುಗ್ಗಿದ ಆ ಡಿವಿಜನ್ನು ಹಿಮ್ಮೆಟ್ಟಿ, ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಲುಕಿ, ಹಸಿವಿನಿಂದ ಕಂಗೆಟ್ಟು 1916ರ ಏಪ್ರಿಲ್ 29ರಂದು ಶರಣಾಯಿತು. ಸೋಲಿಗೆ ಮುಖ್ಯ ಕಾರಣ ಶೌರ್ಯದ ಕೊರತೆಯಲ್ಲ, ಸಾಗಾಟದ ಕೊರತೆ. ಬಂದರದಲ್ಲಿ ಧಕ್ಕೆಯಿರಲಿಲ್ಲ, ರಸ್ತೆಯಿರಲಿಲ್ಲ, ರೈಲಿರಲಿಲ್ಲ. ಅದನ್ನು ಕಟ್ಟಲು ಹಿಂದುಸ್ಥಾನದ ಹಳ್ಳಿಗಳಿಂದ ಕೂಲಿಗಳನ್ನು ಕೂಡಿಸಿದರು. ಮುಂಗಡ ಹಣ ಕೈಗೆ ಬರುವುದೆಂಬುದು ಬರಗಾಲ, ಪ್ಲೇಗುಗಳಿಂದ ಬಳಲಿದ ಮನೆಗಳಿಗೆ ದೊಡ್ಡ ಆಸೆ. ಅವರು ಹಾಕಿದ ಹಳಿಗಳ ಮೇಲೆ, ಅವರು ಇಳಿಸಿದ ಸಾಮಾನಿನ ಬಲದಿಂದ, 1917ರ ಮಾರ್ಚಿಯಲ್ಲಿ ಬಗದಾದು ವಶವಾಯಿತು.

ಆ ಮಹಾಯುದ್ಧಕ್ಕೆ ಭಾರತದಿಂದ ಸುಮಾರು 14 ಲಕ್ಷ ಜನ ಸೇರಿದರು. ಅವರಲ್ಲಿ ಐದೂವರೆ ಲಕ್ಷದಷ್ಟು ಜನ ಆಯುಧ ಹಿಡಿಯದ ಸೇವಕರು. ಅಡಿಗೆಯವರು, ಹೇಸರಗತ್ತೆ ಹೊಡೆಯುವವರು, ಡೋಲಿಯವರು, ಝಾಡಮಾಲಿಗಳು, ಕೂಲಿಗಳು. ಮೈಸೂರಿನ ಲಾನ್ಸರ್ಸ್ ಕುದುರೆದಳ ಜೋಧಪುರದವರೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಹೇಳಬೇಕಾದುದೇ. ಆದರೆ ಕುದುರೆಗೆ ಹುಲ್ಲು ಹೊತ್ತವನ ಕಥೆಯನ್ನು ಹೇಳುವವರಿಲ್ಲ.

ಇವರು ಗುಲಾಮರೇ? ನಮ್ಮ ಹಿಂದಿನ ತೀರ್ಪು ಅದಾಗಿತ್ತು. 1918ರಲ್ಲಿ ಗಾಂಧೀಜಿಯವರೇ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಜನ ಕೂಡಿಸಲು ಕಾಲ್ನಡಿಗೆಯಿಂದ ತಿರುಗಿದ್ದರೆಂಬುದನ್ನು ಆಗ ನಾವು ಓದಿರಲಿಲ್ಲ. ಸಾಮ್ರಾಜ್ಯವು ಅನ್ಯಾಯದ್ದಾಗಿತ್ತು, ಅದರಲ್ಲಿ ಸಂಶಯವಿಲ್ಲ. ರಾಯಣ್ಣ ಅದನ್ನು ಎದುರಿಸಿದ. ಅವನ ಸ್ಥಾನ ಎತ್ತರದ್ದು. ಆದರೆ ಮಡದಿ ಮಕ್ಕಳ ಅನ್ನಕ್ಕಾಗಿ ಹೊರೆ ಹೊತ್ತು ಪರದೇಶದ ಮಣ್ಣಾದ ಬಡವನನ್ನು ಅವನ ಮರಿಮಗನ ಎದುರಿಗೇ ಹೀಯಾಳಿಸುವ ಅಧಿಕಾರ ಒಬ್ಬ ಮಾಸ್ತರನಿಗೆ ಇರಲಿಲ್ಲ. ಆ ಸಂಜೆ ಈ ಮಾತನ್ನು ನಾವು ಶಿಷ್ಯನಿಗೆ ಬಾಯಿಬಿಟ್ಟು ಹೇಳಿ ಕ್ಷಮೆ ಕೇಳಿದೆವು. ಆತ ನಾಚಿ, "ಬಿಡ್ರಿ ಸರ್, ಅದೆಲ್ಲ ಈಗ್ಯಾಕ" ಎಂದ.

ಯಾರಿಗೆ ಕಲ್ಲು?

1917ರಲ್ಲಿ ಬ್ರಿಟಿಷರು ಯುದ್ಧದಲ್ಲಿ ಸತ್ತವರ ಸ್ಮರಣೆಗಾಗಿ ಒಂದು ಆಯೋಗವನ್ನು ಸ್ಥಾಪಿಸಿದರು. ಈಗ ಅದಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೆಂದು ಹೆಸರು. ದರ್ಜೆ, ಜಾತಿ, ಮತಗಳ ಭೇದವಿಲ್ಲದೆ ಪ್ರತಿಯೊಬ್ಬನಿಗೂ ಸಮಾನ ಗೌರವ ಸಲ್ಲಬೇಕೆಂಬುದು ಅದರ ಘೋಷಣೆ. ನಡೆದದ್ದು ಬೇರೆ. ಸಮಾಧಿ ತಿಳಿಯದ 40,000ಕ್ಕೂ ಹೆಚ್ಚು ಜನರ ಸ್ಮಾರಕವಾಗಿ 1929ರಲ್ಲಿ ಬಸ್ರಾದಲ್ಲಿ ಒಂದು ಭವ್ಯವಾದ ಕಟ್ಟಡ ಎದ್ದಿತು. ಅದರಲ್ಲಿ ಬ್ರಿಟಿಷ್ ಸಿಪಾಯಿಗಳೆಲ್ಲರ ಹೆಸರನ್ನು ಕೆತ್ತಿದರು. ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಹೆಸರಿಲ್ಲ. ಇಂಥ ಪಲ್ಟನಿನವರು ಇಷ್ಟು ಜನ ಎಂಬ ಲೆಕ್ಕ. ಆ ಸ್ಮಾರಕವನ್ನೇ 1997ರಲ್ಲಿ ಸದ್ದಾಂ ಹುಸೇನನ ಆಜ್ಞೆಯಂತೆ ಕಿತ್ತು, ಊರಿನಿಂದ 32 ಕಿಲೋಮೀಟರ್ ದೂರದ ಮರಳುಗಾಡಿಗೆ ಸಾಗಿಸಲಾಯಿತು.

2021ರ ಏಪ್ರಿಲಿನಲ್ಲಿ ಆಯೋಗವು ತಾನೇ ನೇಮಿಸಿದ ಸಮಿತಿಯ ವರದಿಯನ್ನು ಪ್ರಕಟಿಸಿತು. ಭಾರತ, ಆಫ್ರಿಕ, ಈಜಿಪ್ಟ್ ಮುಂತಾದ ದೇಶಗಳ 45,000ದಿಂದ 54,000 ಮೃತರಿಗೆ ಸಮಾನವಲ್ಲದ ರೀತಿಯ ಸ್ಮರಣೆ ದೊರೆಯಿತೆಂದೂ, ಇನ್ನೂ ಕನಿಷ್ಠ 1,16,000 ಜನರಿಗೆ, ಪ್ರಾಯಶಃ 3,50,000 ಜನರಿಗೆ, ಹೆಸರಿನ ಸ್ಮರಣೆಯಾಗಲಿ ಯಾವುದೇ ಸ್ಮರಣೆಯಾಗಲಿ ದೊರೆಯಲಿಲ್ಲವೆಂದೂ ಅದು ಒಪ್ಪಿಕೊಂಡಿತು. ಆಯೋಗವು ಕ್ಷಮೆ ಯಾಚಿಸಿತು. ಬ್ರಿಟನ್ನಿನ ರಕ್ಷಣಾ ಮಂತ್ರಿಯೂ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ.

ಆಯೋಗದ ಮೃತರ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿ ಯಾರಾದರೂ ವೆಚ್ಚವಿಲ್ಲದೆ ನೋಡಬಹುದು. ಆ ರಾತ್ರಿ ಹುಡುಗನು ತಂದೆಯ ಮೊಬೈಲಿನಲ್ಲಿ ಪದಕದ ಮೇಲಿನ ಹೆಸರನ್ನು ಐದಾರು ವಿಧವಾಗಿ ಬರೆದು ಹುಡುಕಿದ. ಸಿಗಲಿಲ್ಲ. ಹುಡುಗನಿಗೆ ನಿರಾಶೆಯಾಯಿತು. ಅಜ್ಜಿ ಮಾತ್ರ, "ಹೆಸರು ಇಲ್ಲೇ ಐತಲ್ಲಪಾ, ಡಬ್ಬ್ಯಾಗ" ಎಂದು ಪದಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

"ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು" ಎಂಬ ಗಾದೆಯಿದೆ. ಸತ್ತವನಿಗೆ ಕಲ್ಲಿನಿಂದ ಆಗಬೇಕಾದುದೇನೂ ಇಲ್ಲ. ಕಲ್ಲು ಇರುವುದು ಬದುಕಿದವರಿಗಾಗಿ. ಈ ಮಾತನ್ನು ನಮ್ಮ ಪೂರ್ವಜರು ಬ್ರಿಟಿಷರಿಗಿಂತ ಮೊದಲೇ ಅರಿತಿದ್ದರು. ನಮ್ಮ ತಾಲೂಕಿನ ಹಲಸಿಯಿಂದ ಗೋವೆಯ ಚಂದ್ರಪುರ, ಗೋಪಕಪಟ್ಟಣಗಳವರೆಗೆ ಆಳಿದ ಗೋವೆ ಕದಂಬರ ಕಾಲದ ವೀರಗಲ್ಲುಗಳನ್ನು ಹಳೆಯ ಗೋವೆಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಹಡಗುಗಳ ಕಾಳಗದಲ್ಲಿ ಮಡಿದವರ ಕಲ್ಲುಗಳೂ ಅಲ್ಲಿವೆ. ಕನ್ನಡ ನಾಡಿನಲ್ಲಿ ತುರು ಕಾಯಲು ಹೋಗಿ ಸತ್ತ ಸಾಮಾನ್ಯನಿಗೂ ಊರವರು ಕಲ್ಲು ನೆಟ್ಟು, ಹೆಸರು ಬರೆಸಿ, ಅವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರು. ಆ ಊರುಗಳು ಉಪಕಾರವನ್ನು ಅರಿತಿದ್ದವು.

ಓದುಗರಲ್ಲಿ ಒಂದು ವಿನಂತಿ

ಗೋವೆಯಲ್ಲಿ ನೆಲೆಸಿರುವ ಕನ್ನಡ ಬಂಧುಗಳ ಮನೆಗಳಲ್ಲಿ ಇಂಥ ಪದಕಗಳು, ಬಿಡುಗಡೆಯ ಕಾಗದಗಳು, ಹಳೆಯ ಪಿಂಚಣಿ ಪುಸ್ತಕಗಳು ಇನ್ನೂ ಇರಲು ಸಾಧ್ಯ. ದಯವಿಟ್ಟು ಡಬ್ಬಿ, ಪೆಟ್ಟಿಗೆಗಳನ್ನು ತೆರೆದು ನೋಡಿರಿ. ಪದಕ ಸಿಕ್ಕರೆ ಹೊಳೆಯಲೆಂದು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ಅಂಚಿನ ಅಕ್ಷರಗಳು ಸವೆದುಹೋಗುತ್ತವೆ. ಒಣಬಟ್ಟೆಯಿಂದ ಒರೆಸಿ, ಅಂಚನ್ನು ದೀಪದ ಕೆಳಗೆ ಸುತ್ತಿಸಿ ಓದಿರಿ. ಎರಡನೆಯ ಯುದ್ಧದ ನಕ್ಷತ್ರಾಕಾರದ ಪದಕಗಳಲ್ಲಿ ಕೆಲವಕ್ಕೆ ಹೆಸರಿರದು. ಆಗ ಕಾಗದಗಳೇ ಆಧಾರ. ಹಳೆಯ ಲೋಹಕ್ಕೆ ಬೆಲೆ ಕಟ್ಟಿಕೊಡುವವರು ಬಾಗಿಲಿಗೆ ಬಂದರೆ ಮಾರಿಬಿಡಬೇಡಿರಿ. ಎಲ್ಲಕ್ಕಿಂತ ಮೊದಲು ಮನೆಯಲ್ಲಿರುವ ಹಿರಿಯರ ಬಾಯಿಂದ ಬರುವ ಊರಿನ ಹೆಸರು, ವ್ಯಕ್ತಿಯ ಹೆಸರುಗಳನ್ನು ಇದ್ದಂತೆಯೇ ಬರೆದಿಡಿರಿ. 'ಬಸರೆ' ಎಂಬ ಒಂದು ಮಾತು ಆ ತಾಯಿಯ ಬಾಯಲ್ಲಿ ಉಳಿಯದಿದ್ದರೆ ನಮಗೆ ದಾರಿಯೇ ಸಿಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಹೊರಟಾಗ ಹುಡುಗ ತನ್ನ ಇತಿಹಾಸದ ನೋಟುಬುಕ್ಕನ್ನು ತಂದು ತೋರಿಸಿದ. ಕೊನೆಯ ಪುಟದಲ್ಲಿ ದುಂಡಾದ ಕನ್ನಡ ಅಕ್ಷರಗಳಲ್ಲಿ ಅಜ್ಜನ ಅಜ್ಜನ ಹೆಸರು ಬರೆದು, ಅದರ ಕೆಳಗೆ 'ಕೂಲಿಪಡೆ, ಬಸ್ರಾ' ಎಂದು ಸೇರಿಸಿದ್ದ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನಾವು ಅದರ ಕೆಳಗೆ ಕೆಂಪು ಶಾಯಿಯಿಂದ 'ಸರಿ' ಎಂದು ಗುರುತು ಹಾಕಿ, ದಿನಾಂಕ ಬರೆದು, ಸಹಿ ಮಾಡಿ ಕೊಟ್ಟೆವು.